ಮೂತಿಯಿಂದ ಬಾಲದವರೆಗೆ

ಟಾರ್ಪಾಲು ಎಳೆದ ರಭಸಕ್ಕೆ ಅಂಗಳದಲ್ಲಿ ಒಣಹಾಕಿದ್ದ ಮೆಣಸಿನಕಾಯಿ ಅರ್ಧಕ್ಕರ್ಧ ಹಾರಿ ತೆಂಗಿನ ಬುಡಕ್ಕೆ ಬಿತ್ತು. ದಾಸಣ್ಣನಿಗೆ ಅದರ ಪರಿವೆಯೇ ಇಲ್ಲ! ಯಕ್ಷಗಾನದ ಬಣ್ಣದ ವೇಷ ರಂಗಕ್ಕೆ ಬಂದಂತೆ ಎರಡೂ ಕೈ ಚಾಚಿ ನಿಂತು, “ಕಾಣ್ ವಾರಿಜಾ! ಸಮಗ್ರ ಮತ್ಸ್ಯ ಗಣತಿ ಯಂತ್ರ!” ಎಂದು ಕೂಗಿದ.

ವಾರಿಜಕ್ಕ ಬಾವಿಕಟ್ಟೆಯ ಬಳಿ ಮಣೆ ಹಾಕಿಕೊಂಡು ಮಧ್ಯಾಹ್ನದ ಸಾರಿಗೆ ಬಂಗುಡೆ ಕೊಯ್ಯಲು ಕುಳಿತಿದ್ದಳು. ತಲೆ ಎತ್ತಿ ನೋಡಿದರೆ ಆಳೆತ್ತರದ ಕಬ್ಬಿಣದ ಕಮಾನು. ಅದರ ನೆತ್ತಿಯ ಮೇಲೆ ಸ್ಕೂಟರಿನ ದೀಪದಂಥ ಒಂದು ಕಣ್ಣು. ಎರಡು ಬದಿಗೆ ಏಡಿಯ ಕಾಲಿನಂಥ ಎರಡು ಕೈ. ಕೆಳಗೆ ತಕ್ಕಡಿ, ಪಕ್ಕದಲ್ಲಿ ಯಾವುದೋ ಭಜನಾ ಮಂಡಳಿಯವರು ಬೇಡವೆಂದು ಮಾರಿದ ಧ್ವನಿವರ್ಧಕ.

“ಮೊದ್ಲ್ ಮೆಣಸ್ ಹೆಕ್ಕಿ ಕೊಡ್,” ಎಂದಳು.

“ಮೆಣಸಾ? ಕಡಲಲ್ಲಿ ಎಷ್ಟ್ ಮೀನ್ ಇತ್ತ್ ಅಂತ ಹೇಳುವ ಯಂತ್ರ ಮಾರಾಯ್ತಿ ಇದ್!”

“ಹೇಳಿ ಎಂತ ಮಾಡ್ತ್? ಹಿಡ್ದ್ ಕೊಡ್ತಾ?”

ಅಣ್ಣ ತಂಗಿಯದು ಒಂದೇ ಅಂಗಳ, ಎರಡು ಮನೆ. ದಾಸಣ್ಣನಿಗೆ ಮದುವೆಯಿಲ್ಲ. ನಡುಕೋಡಿ ಬಂದರಿನಲ್ಲಿ ಬಂದ ಮೀನನ್ನು ಬುಟ್ಟಿ ಬುಟ್ಟಿಯಾಗಿ ಎಣಿಸುವುದು, ಬುಟ್ಟಿಗೆ ಹತ್ತರಂತೆ ಎತ್ತಿ ಮರದ ಅಳತೆಕೋಲಿನ ಮೇಲೆ ಮಲಗಿಸಿ ಉದ್ದ ಬರೆಯುವುದು, ಇದೇ ಅವನ ಸರ್ಕಾರಿ ನೌಕರಿಯಾಗಿತ್ತು. ನಿವೃತ್ತಿಯಾದ ಮೇಲೆ ಎರಡು ವರ್ಷ ಕೊಟ್ಟಿಗೆಯ ಬಾಗಿಲು ಹಾಕಿಕೊಂಡು ಕಟ್ಟಿದ್ದು ಈ ಯಂತ್ರ. ವಾರಿಜಕ್ಕನೋ, ಅದೇ ಬಂದರಿನಲ್ಲಿ ಬುಟ್ಟಿ ಹೊತ್ತು ಮೀನು ಮಾರುವ ನಲವತ್ತೆರಡು ಹೆಂಗಸರ ಸಂಘಕ್ಕೆ ಅಧ್ಯಕ್ಷೆ. ಬಿಸಿಲಿಗೆ ತಲೆ, ಮಳೆಗೆ ಮೀನು, ಎರಡೂ ಹಾಳಾಗುತ್ತವೆ, ಕುಳಿತು ಮಾರಲು ತಲೆಯ ಮೇಲೊಂದು ಮಾಡು ಹಾಕಿಸಿ, ಒಂದು ನೀರಿನ ನಳ್ಳಿ ಕೊಡಿ ಎಂದು ಎಂಟು ವರ್ಷದಿಂದ ಅರ್ಜಿ ಹಾಕುತ್ತಿದ್ದಳು. ಆ ಗುರುವಾರ ಕಡಲ ಸಂಪತ್ತು ಮಂಡಳಿಯ ಅಧಿಕಾರಿ ಸ್ವತಃ ಬಂದು ನೋಡುತ್ತೇನೆಂದು ಕಾಗದ ಬರೆದಿದ್ದರು.

“ಅದೇ ಗುರುವಾರ ಇದನ್ನ ಬಂದರಲ್ಲಿ ನಿಲ್ಲಿಸ್ತೆ,” ಎಂದ ದಾಸಣ್ಣ. “ಅಧಿಕಾರಿ ಕಣ್ಣಿಗೆ ಬೀಳ್ಲಿ.”

“ನನ್ನ ಗುರುವಾರಕ್ಕೆ ನೀ ಅಡ್ಡ ಬಪ್ಪುದ್ ಬ್ಯಾಡ ಅಣ್ಣಯ್ಯ!”

“ಒಂದ್ ಸಲ ಕಾಣ್, ಮತ್ತೆ ಬೈ.” ಅವಳ ಬುಟ್ಟಿಯಿಂದ ಆರು ಬಂಗುಡೆ ಎತ್ತಿ ತಕ್ಕಡಿಗೆ ಸುರಿದೇಬಿಟ್ಟ. “ವಾಸನೆ ಹಿಡ್ದ್, ಮೈಮೇಲಿನ ಹುರುಪೆ ಕಂಡ್, ಇದ್ ಮೀನ್ ಅಂತ ತಾನೇ ತಿಳ್ಕಂತ್. ಮೀನಿನ ಕಿವಿಯೊಳಗೆ ಸಣ್ಣ ಕಲ್ಲ್ ಇರ್ತ್ ಅಲ್ದಾ? ಮರದ ಕಾಂಡದ ಹಾಂಗೆ ಅದ್ರಲ್ಲಿ ವರ್ಷಕ್ಕೊಂದ್ ಬಳೆ. ಅದನ್ನ ಕೊಯ್ಯದೇ ಓದಿ ವಯಸ್ಸ್ ಹೇಳ್ತ್!”

ಕಣ್ಣು ಉರಿಯಿತು. ಧ್ವನಿವರ್ಧಕದಿಂದ ದಾಸಣ್ಣನ ಸ್ವರವೇ, ಆದರೆ ರೇಡಿಯೋ ವಾರ್ತೆಯ ಗಾಂಭೀರ್ಯದಲ್ಲಿ ಹೊರಟಿತು: “ತಳಿ: ಬಂಗುಡೆ. ಮೂತಿಯಿಂದ ಬಾಲದವರೆಗೆ ಇಪ್ಪತ್ತೊಂದು ಸೆಂಟಿಮೀಟರ್. ಸ್ವೀಕೃತ.” ಮೂರು ಮೀನು ಸ್ವೀಕೃತವಾದವು. ನಾಲ್ಕನೆಯದಕ್ಕೆ ಸ್ವರ ಗಡುಸಾಯಿತು. “ಕನಿಷ್ಠ ಉದ್ದಕ್ಕಿಂತ ಕಡಿಮೆ. ಮರಿ. ನೀರಿಗೆ ವಾಪಸ್!”

ಏಡಿಯ ಕೈ ಮೀನಿನ ಬೆನ್ನಿಗೆ ಟಪ್ಪೆಂದು ಒಂದು ಹಳದಿ ಚೀಟಿ ಚುಚ್ಚಿ, ಅತ್ತಿತ್ತ ನೋಡಿ, ಹತ್ತಿರದಲ್ಲಿ ಕಂಡ ನೀರಿಗೆ ಬೀಸಿ ಒಗೆಯಿತು. ಹತ್ತಿರದಲ್ಲಿದ್ದದ್ದು ಬಾವಿ! ಒಂದರ ಹಿಂದೆ ಒಂದರಂತೆ ಮೂರು ಬಂಗುಡೆ ಬಾವಿಯ ಪಾಲಾದವು.

“ಸತ್ತ ಮೀನ್ ಬಾವಿಗೆ ಹಾಕ್ತಾ? ಕುಡಿಯುವ ನೀರಿಗೆ? ಅದ್ಕೆ ಕಡಲ್ ಯಾವ್ದ್, ಬಾವಿ ಯಾವ್ದ್ ಅಂತ ಗೊತ್ತಿಲ್ಯಾ?”

“ಸಣ್ಣ ಮರಿ ಹಿಡುಕ್ ಆಗ, ಅದ್ ಕಾನೂನ್!”

ವಾರಿಜಕ್ಕ ಗೊಣಗುತ್ತ ಬಾಲ್ದಿ ಇಳಿಸಿ ಗೋರಿದಳು. ಎರಡು ಬಂಗುಡೆ ಬಂದವು, ಎರಡಕ್ಕೂ ಹಳದಿ ಚೀಟಿ. ಯಂತ್ರದ ಕಣ್ಣು ಗರಗರ ತಿರುಗಿ ಹಿಗ್ಗಿನಿಂದ, “ಮರುಹಿಡಿತ! ಮರುಹಿಡಿತ! ಲೆಕ್ಕದ ಪ್ರಕಾರ ಈ ನೀರಿನಲ್ಲಿರುವ ಒಟ್ಟು ಬಂಗುಡೆ: ಮೂರು!” ಎಂದು ಸಾರಿತು.

“ಕಂಡ್ಯಾ! ಸರಿ ಇತ್ತಾ ಇಲ್ಯಾ?” ದಾಸಣ್ಣ ಕುಣಿದ. “ಹತ್ತ್ ಮೀನಿಗೆ ಚೀಟಿ ಹಾಕಿ ಬಿಟ್ಟೆ ಅಂತ ಇಟ್ಕೋ. ಮತ್ತೆ ನೂರ್ ಹಿಡ್ದಾಗ ಅದ್ರಲ್ಲಿ ಒಂದ್ ಚೀಟಿದ್ದ್ ಸಿಕ್ರೆ ಕಡಲಲ್ಲಿ ಸಾವ್ರ ಮೀನ್. ಅಷ್ಟೇ ಲೆಕ್ಕ!”

“ಚೀಟಿ ಹಾಕ್ಸ್‌ಕಂಡ ಮೀನ್ ನಾಚ್ಕಿ ಆಯ್ ಗೋವಾಕ್ಕೆ ಹೋದ್ರೆ?”

“ಮೀನಿಗೆ ನಾಚ್ಕಿ ಇಲ್ಲೆ!”

“ನಿಂಗೂ ಇಲ್ಲೆ,” ಎಂದ ವಾರಿಜಕ್ಕ ಮೂರನೆಯ ಬಂಗುಡೆಗಾಗಿ ಮತ್ತೆ ಬಾಲ್ದಿ ಇಳಿಸಿದಳು.

*

ಗುರುವಾರ ಬೆಳಗಾಗುವಾಗ ಯಂತ್ರ ಬಂದರಿನಲ್ಲಿ ನಿಂತಿತ್ತು. ಅದೂ ಎಲ್ಲಿ? ಮೀನು ಹರಾಜಾಗುವ ಏಲಂ ಕಟ್ಟೆಗೂ ಹೆಂಗಸರು ಕೂತು ಮಾರುವ ಜಾಗಕ್ಕೂ ನಡುವೆ ಇರುವ ಒಂದೇ ಒಂದು ದಾರಿಯಲ್ಲಿ! ಒಂದು ಬದಿಗೆ ಐಸ್ ಕಾರ್ಖಾನೆಯ ಗೋಡೆ, ಇನ್ನೊಂದು ಬದಿಗೆ ನೀರು. ಬುಟ್ಟಿ ಹೊತ್ತವರು ಆ ಕಮಾನಿನ ಅಡಿಯಲ್ಲೇ ಹಾಯಬೇಕು.

ಮೊದಲ ಅರ್ಧ ಗಂಟೆ ಯಂತ್ರ ಭೇಷ್ ಎನ್ನುವಂತೆ ಕೆಲಸ ಮಾಡಿತು. ಬೂತಾಯಿ ಇಷ್ಟು, ಬಂಗುಡೆ ಇಷ್ಟು ಎಂದು ಪಟಪಟ ಹೇಳಿತು. ದಾಸಣ್ಣ ಇಸ್ತ್ರಿ ಅಂಗಿ ಹಾಕಿಕೊಂಡು ಪಕ್ಕದಲ್ಲಿ ಮದುಮಗನಂತೆ ನಿಂತಿದ್ದ. ಬೋಟಿನವರು ಮಾತ್ರ ತಮ್ಮ ಬುಟ್ಟಿಯಿಂದ ಸಣ್ಣ ಮೀನು ಸುಂಯ್ ಸುಂಯ್ ಎಂದು ನೀರಿಗೆ ಹಾರುವುದನ್ನು ಕಂಡು, “ಹ್ವಾಯ್ ದಾಸಣ್ಣ, ನಿಮ್ಮ ಶಾನುಭೋಗನ ಕೈ ಕಟ್ಟಿ ಮರಾಯ್ರೆ!” ಎಂದು ಬೊಬ್ಬೆ ಹೊಡೆದರು. ಯಂತ್ರಕ್ಕೆ ಶಾನುಭೋಗ ಎಂಬ ಹೆಸರು ಅಲ್ಲೇ ಅಂಟಿಕೊಂಡಿತು.

ವಾರಿಜಕ್ಕ ಏಲಂ ಮುಗಿಸಿ, ಬೂತಾಯಿಯ ಬುಟ್ಟಿ ತಲೆಗೇರಿಸಿ, ಅಧಿಕಾರಿಯ ಎದುರು ಹೇಳಬೇಕಾದ ಮಾತುಗಳನ್ನು ಮನಸ್ಸಿನಲ್ಲೇ ಜೋಡಿಸುತ್ತ ಬಂದಳು. ಕೈತುಂಬ ಹುರುಪೆ, ಸೀರೆಯಲ್ಲಿ ಮೂವತ್ತೊಂದು ವರ್ಷದ ವಾಸನೆ. ಕಮಾನಿನ ಅಡಿಗೆ ಕಾಲಿಟ್ಟಳೋ ಇಲ್ಲವೋ, ಎರಡೂ ಏಡಿಗೈ ಬಂದು ಅವಳ ಭುಜ ಹಿಡಿದವು!

“ತಳಿ: ಗುರುತಾಗಿಲ್ಲ,” ಎಂದಿತು ಶಾನುಭೋಗ, ಇಡೀ ಬಂದರಿಗೆ ಕೇಳುವಂತೆ. “ಮೂತಿಯಿಂದ ಬಾಲದವರೆಗೆ ನೂರ ನಲವತ್ತೊಂಬತ್ತು ಸೆಂಟಿಮೀಟರ್.”

“ಮೂತಿಯಾ? ಬಾಲವಾ? ಯಾರಿಗಾ ಬಾಲ?”

“ತೂಕ, ಬುಟ್ಟಿ ಕಳೆದು, ಎಪ್ಪತ್ತೆಂಟು ಕಿಲೋ. ಹೆಣ್ಣು. ವಯಸ್ಸು: ಐವತ್ತೊಂಬತ್ತು.”

ಬೋಟಿನವರೆಲ್ಲ ಕತ್ತು ಚಾಚಿದರು. ಏಳು ವರ್ಷದಿಂದ ವಾರಿಜಕ್ಕನಿಗೆ ಐವತ್ತೆರಡೇ ಆಗಿತ್ತು. ಮನುಷ್ಯರ ಕಿವಿಯೊಳಗೆ ಅದು ಯಾವ ಬಳೆ ಎಣಿಸಿತೋ ದೇವರೇ ಬಲ್ಲ, ಲೆಕ್ಕ ಮಾತ್ರ ಒಂದು ತಿಂಗಳೂ ಆಚೀಚೆ ಇರಲಿಲ್ಲ!

“ಹಂತ: ಮೊಟ್ಟೆ ಇಟ್ಟು ಮುಗಿದದ್ದು,” ಎಂದು ಯಂತ್ರ ಸೇರಿಸಿತು.

“ನಿನ್ನ ಮೊಟ್ಟೆಗೆ ಬೆಂಕಿ ಬೀಳ!” ವಾರಿಜಕ್ಕ ಬುಟ್ಟಿ ಇಳಿಸಿ ಅದರ ಕಾಲಿಗೆ ಒದ್ದಳು. ಕಬ್ಬಿಣಕ್ಕೆ ಏನೂ ಆಗಲಿಲ್ಲ, ಇವಳ ಹೆಬ್ಬೆರಳಿಗೆ ಆಯಿತು. ಅಷ್ಟರಲ್ಲಿ ಟಪ್ಪೆಂದು ಸೆರಗಿಗೆ ಒಂದು ಹಳದಿ ಚೀಟಿ ಬಿತ್ತು. ಎಳೆದಳು, ಜಗ್ಗಿದಳು, ಹಲ್ಲಿನಿಂದ ಕಚ್ಚಿದಳು. ಬರಲಿಲ್ಲ.

“ಹತ್ತ್ ವರ್ಷ ಉಪ್ಪು ನೀರಲ್ಲಿದ್ರೂ ಬೀಳುದಿಲ್ಲೆ ಅದ್,” ಎಂದ ದಾಸಣ್ಣ. ಅವನಿಗೆ ಗಾಬರಿಯಲ್ಲೂ ಒಂಚೂರು ಹೆಮ್ಮೆ.

“ಮೊದ್ಲ್ ಅದನ್ನ ನಿಲ್ಸ್!”

“ನಿಲ್ಸುಕ್ ಬತ್ತಿಲ್ಲೆ ವಾರಿಜಾ. ಯಾರಾದ್ರೂ ದೊಡ್ಡವ್ರ್ ಬಂದ್ ಲೆಕ್ಕದ ಮಧ್ಯ ನಿಲ್ಸ್ಬಾರ್ದ್ ಅಂತ ಗುಂಡಿಯೇ ಇಡ್ಲಿಲ್ಲೆ. ಕತ್ತಲಾದ್ರೆ ದಿನದ ಲೆಕ್ಕ ಮಂಡಳಿ ಕಂಪ್ಯೂಟರಿಗೆ ಕಳ್ಸಿ ತಾನೇ ನಿಲ್ಲತ್.”

ಈಗ ನಡೆದದ್ದು ಕೇಳಿ. ಸಂಘದ ನಲವತ್ತೊಂದು ಹೆಂಗಸರೂ ಹಿಂದೆ ಸಾಲಾಗಿ ಬರುತ್ತಿದ್ದವರು ‘ವಯಸ್ಸು’ ಎಂಬ ಶಬ್ದ ಕಿವಿಗೆ ಬಿದ್ದದ್ದೇ ತಡ, ಬಲೆ ಕಂಡ ಮೀನಿನಂತೆ ಚದುರಿದರು! ಮೂವತ್ತೊಂಬತ್ತರಲ್ಲೇ ಮೂರು ಮೊಮ್ಮಕ್ಕಳನ್ನು ಕಂಡಿದ್ದ ಸರಸು ಬುಟ್ಟಿಸಮೇತ ಐಸ್ ಕಾರ್ಖಾನೆಯ ಹಿಂದೆ ಅಡಗಿದಳು. ಗಿರಿಜ ನಿಂತ ದೋಣಿಗೆ ಹಾರಿ ಬಲೆ ಹೊದ್ದುಕೊಂಡಳು. ಒಂದೇ ನಿಮಿಷದಲ್ಲಿ ಬಂದರಿನಲ್ಲಿ ಹೆಣ್ಣು ಎನ್ನುವ ಜೀವ ವಾರಿಜಕ್ಕ ಒಬ್ಬಳೇ.

“ಎಲ್ಲಿ ಹೋದ್ರಿ? ಅಧಿಕಾರಿ ಬಪ್ಪು ಹೊತ್ತಾಯ್ತ್! ಬನ್ನಿ ಹೊರಗೆ!” ಎಂದು ಕೂಗುತ್ತ ಅವಳು ಅವರನ್ನು ಹುಡುಕಿಕೊಂಡು ಏಲಂ ಕಟ್ಟೆಯತ್ತ ಓಡಿದಳು. ಓಡುವುದೆಂದರೆ ಕಮಾನಿನ ಅಡಿಯಲ್ಲೇ ಓಡಬೇಕಲ್ಲ! “ಮರುಹಿಡಿತ!” ಎಂದಿತು ಯಂತ್ರ, ಮತ್ತೆ ಮೂತಿ, ಬಾಲ, ಐವತ್ತೊಂಬತ್ತು. ಆ ಕಡೆ ಯಾರೂ ಸಿಗಲಿಲ್ಲ. ವಾಪಸ್ ಬಂದಳು. “ಮರುಹಿಡಿತ!” ಬುಟ್ಟಿ ಅಲ್ಲೇ ಬಿಟ್ಟದ್ದು ನೆನಪಾಗಿ ಮತ್ತೆ ಹೋದಳು. “ಮರುಹಿಡಿತ!” ನಾಲ್ಕನೆಯ ಸಲ ಕೆಲಸವಿಲ್ಲದಿದ್ದರೂ ಜಗಳವಾಡಲೆಂದೇ ಹೋದಳು. ಐದನೆಯ ಸಲಕ್ಕೆ ಅವಳಿಗೆ ಎಷ್ಟು ಸಿಟ್ಟು ಬಂದಿತ್ತೆಂದರೆ ತಾನೇ ಹೋಗಿ ಅದರ ಕಣ್ಣಿನ ಎದುರು ಸೊಂಟಕ್ಕೆ ಕೈಯಿಟ್ಟು ನಿಂತಳು. “ಹೇಳ್! ಇನ್ನೊಂದ್ ಸಲ ಹೇಳ್ ಕಾಂಬ!”

ಅದು ಹೇಳಿತು.

*

ಅಧಿಕಾರಿ ಚಂದ್ರಮೌಳಿ ಜೀಪಿನಿಂದ ಇಳಿದಾಗ ಗಂಟೆ ಹತ್ತು. ಒಣಗಿದ ಕೊಡ್ಡಾಯಿ ಮೀನಿನಷ್ಟು ತೆಳ್ಳಗಿನ ಮನುಷ್ಯ. ಕೈಯಲ್ಲಿ ಕಡತ, ಮೂಗಿಗೆ ಕರವಸ್ತ್ರ.

“ಎಲ್ರೀ ನಿಮ್ಮ ಸಂಘದವರು?” ಎಂದರು.

“ಇದ್ದೊ ಸಾರ್. ನಲ್ವತ್ತೆರಡ್ ಜನ.”

“ಎಲ್ಲಿ?”

ವಾರಿಜಕ್ಕ ಸುತ್ತ ನೋಡಿದಳು. ಐಸ್ ಕಾರ್ಖಾನೆಯ ಮೂಲೆಯಿಂದ ಸರಸುವಿನ ಅರ್ಧ ಮುಖ ಕಂಡು ಮರೆಯಾಯಿತು. “ಈಗ... ಸ್ವಲ್ಪ ಆಚೆ ಹೋಯಿರ್ ಸಾರ್.”

“ನೋಡಿ, ನಾನು ಕಣ್ಣಿಗೆ ಕಂಡದ್ದನ್ನು ಬರೆಯುವವನು. ಒಬ್ಬರಿಗೋಸ್ಕರ ಮಾಡು ಕಟ್ಟಿಸುವುದಕ್ಕೆ ಆಗುತ್ತೇನ್ರೀ? ಒಂದು ಕೊಡೆ ತೆಗೆದುಕೊಳ್ಳಿ.”

ವಾರಿಜಕ್ಕನ ಮೈಯೆಲ್ಲ ಉರಿಯಿತು. ಎಂಟು ವರ್ಷ! ಹದಿನೇಳು ಅರ್ಜಿ! ಕೊಡೆ ತೆಗೆದುಕೊಳ್ಳಬೇಕಂತೆ! “ನಿಮ್ಗೆ ನಂಬ್ಕಿ ಇಲ್ದಿದ್ರೆ ನಾನೇ ತೋರ್ಸ್ತೆ, ಬನ್ನಿ!” ಎಂದವಳೇ ಹುರುಪೆ ಮೆತ್ತಿದ ಕೈಯಿಂದ ಅಧಿಕಾರಿಯ ಬಿಳಿ ಅಂಗಿಯ ತೋಳು ಹಿಡಿದು ದರದರ ಎಳೆದುಕೊಂಡು ಹೊರಟಳು. ಎಳೆದದ್ದು, ಮತ್ತೆಲ್ಲಿ, ಕಮಾನಿನ ಅಡಿಗೆ!

“ಮರುಹಿಡಿತ! ಇಂದು ಮತ್ತೆ ಹಿಡಿದದ್ದು ಆರು ಸಲ, ಆರಕ್ಕೆ ಆರೂ ಚೀಟಿಯದ್ದೇ. ಲೆಕ್ಕದ ಪ್ರಕಾರ ಈ ಬಂದರಿನಲ್ಲಿ ಈ ತಳಿಯ ಹೆಣ್ಣುಗಳ ಒಟ್ಟು ಸಂಖ್ಯೆ: ಒಂದು.” ಆಮೇಲೆ ಧ್ವನಿವರ್ಧಕ ಗಂಟಲು ಬಿರಿಯುವಂತೆ ಕಿರುಚಿತು. “ಅಳಿವಿನ ಅಂಚು! ಅಳಿವಿನ ಅಂಚು! ಕೊನೆಯ ಮಾದರಿ! ಒದ್ದೆಯಾಗಿಡಿ!”

ಎಲ್ಲಿತ್ತೋ ಒಂದು ರಬ್ಬರ್ ಪೈಪು, ಹಾವಿನಂತೆ ಹೆಡೆಯೆತ್ತಿ ವಾರಿಜಕ್ಕನ ನೆತ್ತಿಗೆ ಕಡಲ ನೀರು ಸುರಿಯತೊಡಗಿತು.

“ಅಣ್ಣಯ್ಯಾ!”

“ಅದ್ ನಿನ್ನ ಜೀವ ಉಳಿಸುಕ್ ಕಾಂತ್ ವಾರಿಜಾ! ಒಳ್ಳೇ ಮನಸ್ಸ್ ಅದ್ರದ್ದ್!”

“ಏನ್ರೀ ಇದು ಅವ್ಯವಸ್ಥೆ!” ಎಂದು ಅಧಿಕಾರಿ ಒಂದು ಹೆಜ್ಜೆ ಮುಂದಿಟ್ಟರು. ತೋಳಿನ ಹುರುಪೆ ಬಿಸಿಲಿಗೆ ಮಿನುಗಿತು. ಏಡಿಗೈ ಅವರನ್ನೂ ಎತ್ತಿ ತೂಗಿತು.

“ಅದೇ ತಳಿ. ತೂಕ ನಲವತ್ತೊಂಬತ್ತು ಕಿಲೋ. ಬೆಳೆದದ್ದರ ತೂಕ ಎಪ್ಪತ್ತೆಂಟು. ಆದ್ದರಿಂದ ಇದು ಮರಿ. ನೀರಿಗೆ ವಾಪಸ್!”

“ರೀ, ನಾನು ಗೆಜೆಟೆಡ್...” ಎನ್ನುವಷ್ಟರಲ್ಲಿ ಚಂದ್ರಮೌಳಿಯವರು ಟೈಸಮೇತ ಗಾಳಿಯಲ್ಲಿದ್ದರು. ಎರಡು ದೋಣಿಗಳ ನಡುವೆ ಧುಡುಮ್ಮನೆ ಬಿದ್ದರು. ಮೇಲೆ ಬಂದರು, ಕೈ ಬಡಿದರು, ಮುಳುಗಿದರು. ಕಡಲ ಸಂಪತ್ತು ಮಂಡಳಿಯ ಅಧಿಕಾರಿಗೆ ಈಜು ಬರುತ್ತಿರಲಿಲ್ಲ!

“ಅಯ್ಯೋ, ಜನ ಹೋಯ್ತ್!” ಎಂದು ಮೊದಲು ಕೂಗಿದವಳು ಸರಸು. ವಯಸ್ಸು ಗಿಯಸ್ಸು ಎಲ್ಲ ಮರೆತುಹೋಯಿತು. ಗೋಡೆಯ ಹಿಂದಿನಿಂದ, ದೋಣಿಯ ಒಳಗಿನಿಂದ, ಬಲೆಯ ರಾಶಿಯ ಅಡಿಯಿಂದ ಹೆಂಗಸರು ಎದ್ದುಬಂದರು. ಗಿರಿಜ ತಾನು ಹೊದ್ದಿದ್ದ ಬಲೆಯನ್ನೇ ಬೀಸಿ ಎಸೆದಳು. ಹತ್ತು ಕೈ, ಇಪ್ಪತ್ತು ಕೈ, ನಲವತ್ತು ಕೈ ಸೇರಿ “ಐಲೇಸಾ!” ಎಂದು ಎಳೆದಾಗ ಅಧಿಕಾರಿ ಒಂದು ಪಾದರಕ್ಷೆ ಕಳೆದುಕೊಂಡು, ಎರಡು ಬೂತಾಯಿ ಕಿಸೆಯಲ್ಲಿಟ್ಟುಕೊಂಡು ಮೇಲೆ ಬಂದರು.

ಈಚೆ ವಾರಿಜಕ್ಕ, ಒದ್ದೆಮುದ್ದೆಯಾಗಿ, ತನ್ನ ಬುಟ್ಟಿಯ ಬೂತಾಯಿಯನ್ನೆಲ್ಲ ಕೆಳಗೆ ಸುರಿದು, ಖಾಲಿ ಬುಟ್ಟಿಯನ್ನು ಎತ್ತಿ ಆ ಕಬ್ಬಿಣದ ಕಣ್ಣಿನ ಮೇಲೆ ಕವುಚಿಬಿಟ್ಟಳು. “ಈಗ ಎಣಿಸ್!”

ಪೈಪು ನಿಂತಿತು. ಕೈಗಳು ಕೆಳಗಿಳಿದವು. ಒಳಗಿನಿಂದ ನಿದ್ದೆಗಣ್ಣಿನ ಸ್ವರವೊಂದು ಬಂತು: “ಕತ್ತಲಾಯಿತು. ಇಂದಿನ ಸಮೀಕ್ಷೆ ಮುಗಿಯಿತು. ವರದಿಯನ್ನು ಮಂಡಳಿಯ ಕಂಪ್ಯೂಟರಿಗೆ ಕಳುಹಿಸಲಾಗಿದೆ. ನಮಸ್ಕಾರ.”

“ಎಂತ ಕಳ್ಸ್ತ್?” ಎಂದಳು ವಾರಿಜಕ್ಕ.

ದಾಸಣ್ಣ ಅಂಗಿಯ ತುದಿಯಿಂದ ಕನ್ನಡಕ ಒರೆಸುತ್ತ ನಿಂತ.

ಅಧಿಕಾರಿ ಕಟ್ಟೆಯ ಮೇಲೆ ಕುಳಿತು ಬಿಸಿ ಚಹಾ ಕುಡಿದು ಸುತ್ತ ನಿಂತವರನ್ನು ಒಬ್ಬೊಬ್ಬರಾಗಿ ನೋಡಿದರು. “ಇಷ್ಟು ಜನ ಇದ್ದೀರಾ?”

“ಈಗ ಕಣ್ಣಿಗ್ ಕಂಡ್ತಲ್ದಾ ಸಾರ್? ಬರೀರಿ!”

“ನನ್ನ ಕಡತ ನೀರಿಗೆ ಹೋಯ್ತಮ್ಮ. ಇನ್ನು ಕಂಪ್ಯೂಟರಿನಲ್ಲಿ ಏನಿದೆಯೋ ಅದೇ ಲೆಕ್ಕ. ಅದನ್ನು ತಿದ್ದುವ ಅಧಿಕಾರ ನನಗಿಲ್ಲ,” ಎಂದು ಚಂದ್ರಮೌಳಿಯವರು ಒಂಟಿ ಪಾದರಕ್ಷೆಯಲ್ಲಿ ಜೀಪಿನತ್ತ ಕುಂಟಿದರು.

*

ಆ ಸಂಜೆ ಅಂಗಳದಲ್ಲಿ ನಡೆದ ಜಗಳ ಮೂರನೆಯ ಮನೆಯವರೆಗೂ ಕೇಳಿಸಿತು.

“ಬಾಲ ಅಂದ್ತ್! ಒಂದ್ ಅಂದ್ತ್! ನನ್ನ ಎಂಟ್ ವರ್ಷ ನೀರಿಗ್ ಹಾಕ್ದೆ ನೀ! ಲೆಕ್ಕ ಮಾಡುದಾದ್ರೆ ಮೊದ್ಲಿನ ಹಾಂಗೆ ಕೋಲ್ ಹಿಡ್ದ್ ಮಾಡುಕ್ ಆಯ್ಲಿಲ್ಯಾ? ಅದ್ಕೆ ಬಾಯಿ ಎಂತಕ್ ಇಟ್ಟೆ?”

ದಾಸಣ್ಣ ಯಾವತ್ತಿನಂತೆ ತಿರುಗಿ ಬೀಳಲಿಲ್ಲ. ಬಾವಿಕಟ್ಟೆಯ ಮೇಲೆ ಕುಳಿತು ಒಂದು ಹಳೆಯ ಅಳತೆಕೋಲನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದ. ಅದರ ಗೆರೆಗಳು ಅರ್ಧಕ್ಕರ್ಧ ಸವೆದಿದ್ದವು.

“ಮೂವತ್ತ್‌ಮೂರ್ ವರ್ಷ ಕೋಲ್ ಹಿಡ್ದೆ ವಾರಿಜಾ. ಬೂತಾಯಿ ಕಾಣೆಯಾಯ್ತಲ್ಲ ಆ ವರ್ಷ, ನೆನಪಿತ್ತಾ? ಅದ್ಕೆ ಎರಡ್ ವರ್ಷ ಮೊದ್ಲೇ ಬರ್ದಿದ್ದೆ, ಮೀನ್ ವರ್ಷ ವರ್ಷ ಗಿಡ್ಡ ಆತಾ ಬತ್ತಾ ಇತ್ತ್, ಮರಿಗಳೇ ಬಲೆಗೆ ಬೀಳ್ತಾ ಇತ್ತ್ ಅಂತ. ಮೂರ್ ಸಲ ಬರ್ದೆ. ನಿವೃತ್ತಿ ದಿನ ಆಫೀಸಿಗ್ ಹೋದ್ರೆ ಮೂರೂ ಕಾಗದ ಒಡೆಯದೇ ಕಪಾಟಲ್ಲಿ ಇದ್ದೊ. ಬರ್ದದ್ದ್ ಯಾರೂ ಓದುದಿಲ್ಲೆ. ಅದಕ್ಕೇ ಬಾಯಿ ಇಟ್ಟೆ.”

ವಾರಿಜಕ್ಕನಿಗೆ ಆ ವರ್ಷ ನೆನಪಿತ್ತು. ಖಾಲಿ ಬುಟ್ಟಿ ಹೊತ್ತು ಮನೆಗೆ ಬಂದ ದಿನಗಳು ಎಷ್ಟೋ. ಇನ್ನೂ ಬೈಯಲು ಬೇಕಾದಷ್ಟು ಮಾತು ಬಾಯಲ್ಲಿ ಸಿದ್ಧವಾಗಿತ್ತು, ನುಂಗಿಕೊಂಡಳು. ಒಳಗೆ ಹೋಗಿ ಅನ್ನ ಬಡಿಸಿ ತಂದು ಅವನ ಎದುರು ಕುಕ್ಕಿದಳು.

“ಉಣ್ಣ್. ಬಾಲ ಅಂದದ್ದ್ ಮಾತ್ರ ನಾ ಮರೆಯುದಿಲ್ಲೆ.”

*

ಒಂದೂವರೆ ತಿಂಗಳ ಮೇಲೆ ಲಾರಿ ಬಂತು. ಕಬ್ಬಿಣದ ಕಂಬ, ತಗಡು, ಜಾಲರಿ, ನೀರಿನ ಪೈಪು ಇಳಿಸಿ, ಕೆಲಸದವರು ಹೆಂಗಸರು ಕೂರುವ ಜಾಗದಲ್ಲೇ ಅಳತೆ ಹಾಕತೊಡಗಿದರು. ವಾರಿಜಕ್ಕನಿಗೆ ನಂಬಲಾಗಲಿಲ್ಲ. ಮೇಸ್ತ್ರಿಯ ಕೈಯಿಂದ ಆದೇಶದ ಪ್ರತಿ ಕಸಿದು ಗಟ್ಟಿಯಾಗಿ ಓದಿದಳು:

“ನಡುಕೋಡಿ ಬಂದರಿನಲ್ಲಿ ಪತ್ತೆಯಾಗಿರುವ, ತಳಿ ಗುರುತಾಗದ, ಒಂದೇ ಒಂದು ಉಳಿದಿರುವ ಹೆಣ್ಣು ಜೀವಿಗೆ ತುರ್ತು ಸಂರಕ್ಷಿತ ನೆಲೆ ಒದಗಿಸುವ ಬಗ್ಗೆ. ಜೀವಿಯು ನೂರ ನಲವತ್ತೊಂಬತ್ತು ಸೆಂಟಿಮೀಟರ್ ಉದ್ದವಿದ್ದು, ಕರ್ಕಶವಾಗಿ ಕೂಗುತ್ತದೆ...”

“ಕರ್ಕಶವಾ!” ಎಂದು ವಾರಿಜಕ್ಕ ಕೂಗಿದ್ದು ಆಚೆ ದಡದ ಕಾಗೆಗಳನ್ನು ಎಬ್ಬಿಸಿತು.

ಮಾಡು ಮಾತ್ರ ಚೆನ್ನಾಗಿ ಬಂತು. ನಾಲ್ಕು ನಳ್ಳಿ, ಹಗಲಿಡೀ ನೀರು. ನಲವತ್ತೆರಡು ಹೆಂಗಸರೂ ಆರಾಮವಾಗಿ ಕಾಲು ಚಾಚಿ ಕೂತರು. ಮಳೆಗಾಲದ ಹೊತ್ತಿಗೆ ಮಂಡಳಿಯಿಂದ ಇನ್ನೊಬ್ಬರು, ಹೊಸ ಅಧಿಕಾರಿ, ಪರಿಶೀಲನೆಗೆ ಬಂದು ಜಾಲರಿಯ ಹೊರಗಿನಿಂದಲೇ ಎಣಿಸಿ, “ಸಂರಕ್ಷಣೆ ಯಶಸ್ವಿ. ಒಂದಿದ್ದದ್ದು ನಲವತ್ತೆರಡಾಗಿದೆ,” ಎಂದು ಬರೆದುಕೊಂಡು ಹೋದರು.

“ನಲ್ವತ್ತೊಂದ್ ಮರಿಯಾ? ಆರ್ ತಿಂಗಳಿಗಾ?” ವಾರಿಜಕ್ಕ ಜಾಲರಿ ಹಿಡಿದು ಅಲುಗಿಸಿದಳು. ಜೀಪು ಅಷ್ಟರಲ್ಲಿ ಹೋಗಿಯಾಗಿತ್ತು.

ಬಾಗಿಲಲ್ಲಿ ಸರ್ಕಾರದವರು ಹಾಕಿದ ಹಸಿರು ಬೋರ್ಡು ಈಗಲೂ ಇದೆ: ‘ಸಂರಕ್ಷಿತ ಜೀವಿ. ಕಲ್ಲೆಸೆಯಬೇಡಿ. ಆಹಾರ ಕೊಡಬೇಡಿ. ಮುಟ್ಟಬೇಡಿ.’ ಮಾನ ಹೋಗುತ್ತದೆ, ಕಿತ್ತು ಕಡಲಿಗೆ ಎಸೆಯೋಣ ಎಂದು ಗಿರಿಜ ಕೊಡಲಿ ಹಿಡಿದುಕೊಂಡೇ ಬಂದಿದ್ದಳು.

“ಇರ್ಲಿ ಬಿಡ್ ಮರಾಯ್ತಿ,” ಎಂದಳು ವಾರಿಜಕ್ಕ. “ಆ ಬೋರ್ಡ್ ಬಂದ ಮೇಲೆ ಗಿರಾಕಿಗಳ್ ಮೀನ್ ಹಿಚುಕಿ ಕಾಂಬುದ್ ಬಿಟ್ಟಿರ್.”